ಬೇಲೂರು ದಾಟಿ ಮಣ್ಣಿನ ದಾರಿ ಹಿಡಿದರೆ: ವೀರಗಲ್ಲು, ಶಾಸನ, ಹಳೇ ಬಂಡೆ ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ಬೇಲೂರು ದೇವಸ್ಥಾನದ ಮುಂದೆ ರಜೆ ದಿನ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಹಳ್ಳಿ ದಾರಿಯಲ್ಲಿ ಹೋದರೆ ಒಬ್ಬರೂ ಇರುವುದಿಲ್ಲ. ಆದರೆ ಕೆರೆ ಏರಿ ಮೇಲೋ, ಹುಣಸೆ ಮರದ ಬುಡದಲ್ಲೋ ಎದೆಯೆತ್ತರದ ಒಂದು ಕಲ್ಲು ನಿಂತಿರುತ್ತದೆ. ಅದರ ಮೇಲೆ ಒಬ್ಬ ಬಿಲ್ಲು ಹಿಡಿದಿದ್ದಾನೆ, ಅವನ ಹಿಂದೆ ಹಸುಗಳಿವೆ, ಮೇಲೆ ಎರಡು ಸಾಲು ಬರಹವಿದೆ. ಯಾರೋ ಒಬ್ಬ ರೈತನ ಮಗ ಊರಿನ ದನ ಬಿಡಿಸಿಕೊಂಡು ಬರಲು ಹೋಗಿ ಸತ್ತ ಕಥೆ ಅದು. ಅರಮನೆಯ ಕಥೆಯಲ್ಲ, ನಮ್ಮ ಊರಿನ ಕಥೆ.

ಇಂಥ ಕಲ್ಲುಗಳನ್ನು ಹುಡುಕಿಕೊಂಡು ನಾನು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಒಳದಾರಿಗಳಲ್ಲಿ ವರ್ಷಗಳಿಂದ ಸುತ್ತುತ್ತಿದ್ದೇನೆ. ಹೊಸದಾಗಿ ಶುರು ಮಾಡುವವರು ಕೇಳುವುದು ಒಂದೇ ಪ್ರಶ್ನೆ: "ಲೊಕೇಶನ್ ಕಳಿಸ್ತೀರಾ?" ನಾನು ಕಳಿಸುವುದಿಲ್ಲ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಅದರ ಬದಲು ನೀವೇ ಹುಡುಕುವುದು ಹೇಗೆ, ಹೋದ ಮೇಲೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ.

ಯಾವ ಕಲ್ಲು ಏನು

ಮೊದಲು ಕಲ್ಲುಗಳ ಗುರುತು ಹಿಡಿಯುವುದನ್ನು ಕಲಿಯಿರಿ.

ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಅಂತಸ್ತು. ಅದನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗೆ ಕಾಳಗ ನಡೆಯುತ್ತಿರುತ್ತದೆ. ನಡುವೆ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ಬರಹ ಹೆಚ್ಚಾಗಿ ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಇರುತ್ತದೆ. ಕೆಳಗಿನ ಅಂತಸ್ತಿನಲ್ಲಿ ಹಸುಗಳಿದ್ದರೆ ಅದು ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋದವರ ಜೊತೆ ನಡೆದ ಜಗಳ.

ಮಾಸ್ತಿಕಲ್ಲಿನಲ್ಲಿ ಒಂದು ಕಂಬದಿಂದ ಹೊರಟ ಕೈ ಕಾಣುತ್ತದೆ. ಮೊಣಕೈ ಮಡಚಿ ಅಂಗೈ ಎತ್ತಿದೆ, ಕೈತುಂಬ ಬಳೆ, ಬೆರಳ ಸಂದಿಯಲ್ಲಿ ಒಮ್ಮೊಮ್ಮೆ ನಿಂಬೆಹಣ್ಣು. ಗಂಡನ ಚಿತೆಯಲ್ಲಿ ಸತ್ತ ಹೆಣ್ಣಿನ ನೆನಪು ಅದು. ಈ ಕಲ್ಲಿನ ಮುಂದೆ ನನಗೆ ಪ್ರತಿ ಸಲವೂ ಮಾತು ನಿಲ್ಲುತ್ತದೆ. ಬಳೆಗಳನ್ನು ಎಷ್ಟು ಜೋಪಾನವಾಗಿ ಕೆತ್ತಿದ್ದಾರೆ ಅಂದರೆ ಎಣಿಸಬಹುದು.

ನಿಸಿದಿ ಕಲ್ಲು ಜೈನರದು. ಸಲ್ಲೇಖನದಿಂದ, ಅಂದರೆ ಉಪವಾಸ ವ್ರತ ಹಿಡಿದು ದೇಹ ಬಿಟ್ಟವರ ನೆನಪಿಗೆ ನಿಲ್ಲಿಸಿದ್ದು. ಇನ್ನು ಗಡಿಕಲ್ಲುಗಳು: ಲಿಂಗ ಇದ್ದರೆ ಲಿಂಗಮುದ್ರೆ ಕಲ್ಲು, ಕೊಡೆ ಹಿಡಿದ ವಾಮನ ಇದ್ದರೆ ವಾಮನಮುದ್ರೆ, ಮೂರು ಕೊಡೆ ಇದ್ದರೆ ಜೈನರ ಮುಕ್ಕೊಡೆ ಕಲ್ಲು. ದಾನ ಕೊಟ್ಟ ಜಮೀನಿನ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು, ಹಾಗಾಗಿ ಇವು ಹೊಲದ ಬದುವಿನಲ್ಲಿ ಸಿಗುವುದೇ ಜಾಸ್ತಿ. ದಾನಶಾಸನದ ತಲೆಯ ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು ಇರುತ್ತದೆ. ಸೂರ್ಯ ಚಂದ್ರರು ಇರುವವರೆಗೂ ಈ ದಾನ ನಡೆಯಲಿ ಎಂದು ಅರ್ಥ.

ಊರಿನ ನಡುವೆ ಬರಹವೂ ಚಿತ್ರವೂ ಇಲ್ಲದ ಒಂದು ಗುಂಡುಕಲ್ಲು ನೆಟ್ಟಿದ್ದರೆ ಅದು ಕರುಗಲ್ಲು. ಊರು ಕಟ್ಟಿದಾಗ ನೆಟ್ಟದ್ದು. ಅದರ ಮೇಲೆ ಕೂರಬೇಡಿ, ಕಾಲಿಡಬೇಡಿ.

ಕಣ್ಣು ಪಳಗಿಸಿಕೊಳ್ಳಿ

ನೇರವಾಗಿ ಹೊಲಕ್ಕೆ ನುಗ್ಗಿದರೆ ಕಲ್ಲು ಎದುರಿಗಿದ್ದರೂ ಕಾಣುವುದಿಲ್ಲ. ಮೊದಲು ಎರಡು ದಿನ ಸುಲಭವಾದ ಜಾಗಗಳಲ್ಲಿ ಕಳೆಯಿರಿ.

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಹತ್ತಿರ ಕುವರ ಲಕ್ಷ್ಮನ ಕಂಬವಿದೆ. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನಿಗಾಗಿ ಪ್ರಾಣ ಕೊಡುವ ಪಣ ತೊಟ್ಟ ಗರುಡರ ನೆನಪಿನದು. ಕಂಬದ ಸುತ್ತ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಆಳುಗಳ ಚಿತ್ರಗಳಿವೆ. ಪಕ್ಕದ ಮ್ಯೂಸಿಯಂನಲ್ಲಿ ಸುತ್ತಮುತ್ತಲಿಂದ ತಂದಿಟ್ಟ ಕಲ್ಲುಗಳಿವೆ. ಒಂದೊಂದರ ಮುಂದೆಯೂ ಹತ್ತು ನಿಮಿಷ ನಿಲ್ಲಿ. ಹೊಯ್ಸಳರ ಕಾಲದ ಗುಂಡಗಿನ ಅಕ್ಷರ ಕಣ್ಣಿಗೆ ಕೂರುತ್ತದೆ.

ಆಮೇಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೋಗಿ. ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದು ಎಂದು ಹೇಳುವ ಹಲ್ಮಿಡಿ ಶಾಸನ ಸಿಕ್ಕಿದ ಊರು. 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಮೂಲ ಕಲ್ಲು ಮೈಸೂರಿನಲ್ಲಿದೆ, ಊರಿನಲ್ಲಿರುವುದು ಪ್ರತಿಕೃತಿ. ಆದರೂ ಹೋಗಿ ನೋಡಬೇಕು. ಹದಿನಾರು ಸಾಲಿನ ಆ ಬರಹದ ತಿರುಳು ಒಬ್ಬ ಯೋಧನಿಗೆ ಕೊಟ್ಟ 'ಬಾಳ್ಗಳ್ಚು', ಅಂದರೆ ಕತ್ತಿ ತೊಳೆದು ಕೊಡುವ ಉಡುಗೊರೆ. ಅವನಿಗೆ ಕೊಟ್ಟ ಎರಡು ಊರುಗಳಲ್ಲಿ ಒಂದು ಪಲ್ಮಿಡಿ, ಇವತ್ತಿನ ಹಲ್ಮಿಡಿಯೇ. ಊರಿನ ಹೆಸರು ಒಂದೂವರೆ ಸಾವಿರ ವರ್ಷ ಹೆಚ್ಚುಕಮ್ಮಿ ಹಾಗೇ ಉಳಿದಿದೆ, ಪಕಾರ ಮಾತ್ರ ಹಕಾರ ಆಗಿದೆ. ಇದನ್ನು ನೆನಪಿಡಿ, ನಕ್ಷೆಯ ಕೆಲಸಕ್ಕೆ ಬೇಕಾಗುತ್ತದೆ.

ಮನೆಯಲ್ಲಿ ಕೂತು ಮಾಡುವ ಕೆಲಸ

ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ, ಅಂದರೆ ಜಿಲ್ಲಾವಾರು ಶಾಸನಗಳ ಸಂಗ್ರಹದ ಸಂಪುಟಗಳೇ ನಮ್ಮ ಮೊದಲ ದಾರಿದೀಪ. ಹಾಸನ ಜಿಲ್ಲೆಯದು ಐದನೇ ಸಂಪುಟ, 1902ರದು. ಚಿಕ್ಕಮಗಳೂರಿನದು ಆರನೇ ಸಂಪುಟ, 1901ರದು. ಆದರೆ ಅಲ್ಲಿ ಚಿಕ್ಕಮಗಳೂರು ಜಿಲ್ಲೆ ಎಂದು ಹುಡುಕಿದರೆ ಸಿಗುವುದಿಲ್ಲ, ಆಗ ಅದು ಕಡೂರು ಜಿಲ್ಲೆ. ಸಕಲೇಶಪುರ ತಾಲ್ಲೂಕು ಮಂಜರಾಬಾದ್ ಎಂಬ ಹೆಸರಲ್ಲಿದೆ. ಹಳೇ ಸಂಪುಟಗಳ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಮೈಸೂರು ವಿಶ್ವವಿದ್ಯಾಲಯ ಪರಿಷ್ಕರಿಸಿ ತಂದ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿವೆ. ಸಿಕ್ಕರೆ ಅವನ್ನೇ ನೋಡಿ, ಶಾಸನದ ಪಾಠ (ಓದಿ ಬರೆದ ಬರಹ) ಹೆಚ್ಚು ಸರಿಯಾಗಿದೆ.

ಒಂದೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು ಮತ್ತು ಒಂದು ಸಂಖ್ಯೆ ಇರುತ್ತದೆ. ಬೇಲೂರು ಇಷ್ಟು, ಅರಸೀಕೆರೆ ಇಷ್ಟು ಅಂತ. ಜೊತೆಗೆ ಜಾಗದ ಒಂದು ಸಾಲಿನ ವಿವರ: ಇಂಥ ಊರಿನ ಈಶ್ವರ ದೇವಸ್ಥಾನದ ಮುಂದೆ, ಕೆರೆ ತೂಬಿನ ಹತ್ತಿರ, ಇತ್ಯಾದಿ. ಒಂದು ಹೋಬಳಿ ಆರಿಸಿಕೊಂಡು ಅಲ್ಲಿನ ಎಲ್ಲ ಊರುಗಳ ಪಟ್ಟಿ ಮಾಡಿ. ಇಡೀ ಜಿಲ್ಲೆಗೆ ಕೈ ಹಾಕಬೇಡಿ. ಒಂದು ಹೋಬಳಿಗೇ ಒಂದು ಚಳಿಗಾಲ ಬೇಕು.

ಪಟ್ಟಿಯಲ್ಲಿರುವ ಕೆಲವು ಊರು ನಕ್ಷೆಯಲ್ಲಿ ಇರುವುದೇ ಇಲ್ಲ. ಎರಡು ಕಾರಣ. ಒಂದು, ಹೆಸರು ಬದಲಾಗಿದೆ. ಪಳ್ಳಿ ಹಳ್ಳಿಯಾಗಿದೆ, ಪಕಾರ ಹಕಾರವಾಗಿದೆ. ಹೊಯ್ಸಳರ ಮೂಲದ ಸೊಸೆವೂರು ಇವತ್ತು ಮೂಡಿಗೆರೆ ತಾಲ್ಲೂಕಿನ ಅಂಗಡಿ. ಇನ್ನೊಂದು, ಊರೇ ಹಾಳಾಗಿದೆ. ಇಂಥದ್ದನ್ನು ಕಂದಾಯ ದಾಖಲೆಯಲ್ಲಿ ಬೇಚರಾಕ್ ಗ್ರಾಮ ಅನ್ನುತ್ತಾರೆ. ಜನ ಇಲ್ಲ, ಆದರೆ ಸರ್ವೆ ನಂಬರ್‌ಗಳು ಇನ್ನೂ ಅದೇ ಹೆಸರಿನಲ್ಲಿವೆ. ಬೇಚರಾಕ್ ಗ್ರಾಮ ಸಿಕ್ಕರೆ ಖುಷಿಪಡಿ. ಜನ ಬಿಟ್ಟು ಹೋದ ಜಾಗದಲ್ಲಿ ಕಲ್ಲುಗಳು ಅಲುಗಾಡದೆ ಉಳಿದಿರುತ್ತವೆ.

ಇದಕ್ಕೆ ಕಂದಾಯ ಇಲಾಖೆಯ ಗ್ರಾಮ ನಕ್ಷೆ ಬೇಕು. ಆನ್‌ಲೈನ್‌ನಲ್ಲೇ ಪಿಡಿಎಫ್ ಸಿಗುತ್ತದೆ. ಅದರಲ್ಲಿ ಹಳ್ಳ, ಕೆರೆ, ಗುಂಡುತೋಪು, ಬಂಡಿ ದಾರಿ ಎಲ್ಲ ಗುರುತಾಗಿರುತ್ತವೆ. ಅದರಲ್ಲಿ ತೋರಿಸಿರುವ ದಾರಿಗೆ ಹಳ್ಳಿಯಲ್ಲಿ 'ನಕಾಶೆ ಕಂಡ ದಾರಿ' ಅನ್ನುತ್ತಾರೆ. ಅದು ಎಲ್ಲರೂ ಓಡಾಡುವ ದಾರಿ. ಮಿಕ್ಕಿದ್ದು ಯಾರದೋ ಜಮೀನು, ಕೇಳಿಯೇ ಹೋಗಬೇಕು. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನೀವು ನಿಂತ ಜಾಗದ ಸರ್ವೆ ನಂಬರ್, ಗ್ರಾಮ, ಹೋಬಳಿ ತೋರಿಸುತ್ತದೆ. ರೈತರು ಗಡಿ ನೋಡಲು ಬಳಸುವ ಆ್ಯಪ್ ಇದು, ನಮಗೂ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಜೊತೆಗೆ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಇಳಿಸಿಕೊಳ್ಳಿ. ಅದರಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಎಲ್ಲವನ್ನೂ ಮನೆಯಲ್ಲೇ ಫೋನಿಗೆ ಇಳಿಸಿಕೊಂಡು ಹೊರಡಿ. ಮಲೆನಾಡಿನ ಕಣಿವೆಗಳಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ.

ಎರಡು ಸೀಮೆ, ಎರಡು ಲೆಕ್ಕ

ಅರಸೀಕೆರೆ, ಕಡೂರು, ಚನ್ನರಾಯಪಟ್ಟಣ ಬಯಲುಸೀಮೆ. ತೆಂಗಿನ ತೋಟ, ರಾಗಿ ಹೊಲ, ಜಾಲಿಮುಳ್ಳು, ಒಣಗಿದ ಕೆರೆ. ಕಲ್ಲು ದೂರದಿಂದಲೇ ಕಾಣುತ್ತದೆ. ಬಿಸಿಲೇ ಇಲ್ಲಿನ ಕಷ್ಟ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಮಲೆನಾಡು. ಅಲ್ಲಿ ಹತ್ತಡಿ ದೂರದ ಕಲ್ಲೂ ಕಾಣುವುದಿಲ್ಲ, ಪಾಚಿ ಮುಚ್ಚಿರುತ್ತದೆ. ದಾರಿ ಬಹುಪಾಲು ಎಸ್ಟೇಟ್ ಒಳಗೇ ಹೋಗುತ್ತದೆ.

ಹೊಸಬರು ಬಯಲುಸೀಮೆಯಿಂದ ಶುರು ಮಾಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ರಾಗಿ ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಓಡಾಡಿದರೆ ಬೆಳೆಗೆ ತೊಂದರೆ ಇಲ್ಲ. ಬೇಸಿಗೆ ಕೊನೆಗೆ ಕೆರೆ ಬತ್ತಿದಾಗ ಮುಳುಗಿದ್ದ ಕಲ್ಲುಗಳು ಮೇಲೆ ಬರುತ್ತವೆ, ಅದೊಂದು ಬೇರೆಯೇ ಅವಕಾಶ. ಕೆರೆ ಅಂಗಳದ ಮಣ್ಣು ಮೇಲೆ ಒಣಗಿ ಒಳಗೆ ಹಸಿ ಇರುತ್ತದೆ, ಕೋಲಿನಿಂದ ಕುಟ್ಟಿ ನೋಡಿಯೇ ಹೆಜ್ಜೆ ಇಡಿ. ಮಳೆಗಾಲದಲ್ಲಿ ಮಲೆನಾಡಿನ ಮಣ್ಣುದಾರಿ ಬೇಡ. ಕೆಂಪುಮಣ್ಣಿನ ಇಳಿಜಾರು ಸಾಬೂನಿನ ಹಾಗೆ ಜಾರುತ್ತದೆ.

ಗಾಡಿ ವಿಷಯಕ್ಕೆ ಬಂದರೆ ಜೀಪು ಬೇಕಿಲ್ಲ. ಸಾಧಾರಣ ಬೈಕೇ ಸಾಕು, ಬಂಡಿ ಜಾಡಿನಲ್ಲೂ ಹೋಗುತ್ತದೆ. ಪಂಕ್ಚರ್ ಕಿಟ್, ಗಾಳಿ ಪಂಪ್ ಇರಲಿ. ಇಬ್ಬರು ಇದ್ದರೆ ಒಳ್ಳೆಯದು, ಬೆಳಕಿನ ಕೆಲಸಕ್ಕೆ ಎರಡನೆಯವರು ಬೇಕೇ ಬೇಕು. ಚೀಲದಲ್ಲಿ ತಲಾ ಮೂರು ಲೀಟರ್ ನೀರು, ಬುತ್ತಿ, ಟೇಪು, ಮೆತ್ತನೆಯ ಬ್ರಷ್, ಒಂದಡಿ ಅಗಲ ಒಂದೂವರೆ ಅಡಿ ಉದ್ದದ ಕನ್ನಡಿ, ಕಪ್ಪು ಬಟ್ಟೆ ಅಥವಾ ದೊಡ್ಡ ಛತ್ರಿ, ಟಾರ್ಚ್, ನೋಟ್‌ಬುಕ್, ಪೆನ್ಸಿಲ್. ಕನ್ನಡಿಯನ್ನು ಟವೆಲ್ಲಿನಲ್ಲಿ ಸುತ್ತಿಡಿ.

ಗುದ್ದಲಿ, ಹಾರೆ, ಸಲಿಕೆ ಯಾವುದನ್ನೂ ಒಯ್ಯಬೇಡಿ. ಕತ್ತಿಯೂ ಬೇಡ. ಕಾರಣ ಈಗ ಹೇಳುತ್ತೇನೆ.

ಮೊದಲು ಊರು, ಆಮೇಲೆ ಕಲ್ಲು

ಇಡೀ ಬರಹದಲ್ಲಿ ಒಂದೇ ವಿಷಯ ಓದುತ್ತೀರಿ ಅಂದರೆ ಇದನ್ನು ಓದಿ.

ಶುರುವಿನ ದಿನಗಳಲ್ಲಿ ನಾನು ಬಯಲುಸೀಮೆಯ ಒಂದು ಊರಿಗೆ ಹೋಗಿದ್ದೆ. ನಕ್ಷೆ ಕೈಯಲ್ಲಿತ್ತು, ಜಾಗ ಗೊತ್ತಿತ್ತು. ಯಾರನ್ನೂ ಮಾತಾಡಿಸದೆ ಸೀದಾ ಊರಾಚೆಯ ಹಾಳು ಗುಡಿಗೆ ಹೋದೆ. ಕಲ್ಲಿನ ಬುಡದ ಹುಲ್ಲು ಸರಿಸಲು ಒಂದು ಸಣ್ಣ ಕುಡುಗೋಲು ತೆಗೆದೆ. ಹತ್ತು ನಿಮಿಷದಲ್ಲಿ ಇಪ್ಪತ್ತು ಜನ ಸೇರಿದರು. "ಯಾವೂರು ನಿಮ್ದು? ನಿಧಿ ತೆಗಿಯಾಕ್ ಬಂದಿದೀರಾ?" ಅವರ ಕೋಪಕ್ಕೆ ಕಾರಣ ಗುಡಿಯ ಒಳಗೇ ಇತ್ತು. ಹಿಂದಿನ ವರ್ಷ ಯಾರೋ ರಾತ್ರಿ ಬಂದು ನಂದಿಯನ್ನು ಒಡೆದು, ಅದರಡಿ ಆಳುದ್ದ ಗುಂಡಿ ತೋಡಿ ಹೋಗಿದ್ದರು. ಗುಂಡಿ ಹಾಗೇ ಬಾಯಿ ತೆರೆದಿತ್ತು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಕೇಳುತ್ತಿದ್ದೆ. ಕೊನೆಗೆ ನನ್ನ ನೋಟ್‌ಬುಕ್ ತೆಗೆದು ಬೇರೆ ಊರಿನ ಕಲ್ಲುಗಳ ಚಿತ್ರ ತೋರಿಸಿದೆ. ಒಬ್ಬ ಹಿರಿಯರು ಅದನ್ನು ಪುಟ ಪುಟವಾಗಿ ನೋಡಿದರು. ಆಮೇಲೆ ಟೀ ಬಂತು. ಆ ದಿನ ಅವರೇ ಕರೆದುಕೊಂಡು ಹೋಗಿ ಯಾವ ಪುಸ್ತಕದ ಪಟ್ಟಿಯಲ್ಲೂ ನಾನು ಕಾಣದ ಎರಡು ಕಲ್ಲು ತೋರಿಸಿದರು.

ಅವತ್ತಿನಿಂದ ನನ್ನ ಕ್ರಮ ಹೀಗಿದೆ. ಊರಿನ ಬಾಗಿಲಲ್ಲೇ ಬೈಕಿನಿಂದ ಇಳಿಯುತ್ತೇನೆ. ಅರಳಿಕಟ್ಟೆ, ಡೇರಿ ಅಥವಾ ಟೀ ಅಂಗಡಿ, ಜನ ಎಲ್ಲಿದ್ದಾರೋ ಅಲ್ಲಿ ಕೂರುತ್ತೇನೆ. ಹಾಲು ಹಾಕುವ ಹೊತ್ತಿಗೆ ಡೇರಿ ಮುಂದೆ ಇಡೀ ಊರು ಸಿಗುತ್ತದೆ. ನನ್ನ ಊರು, ಮಾಡುವ ಕೆಲಸ, ಬಂದ ಕಾರಣ ಹೇಳುತ್ತೇನೆ. ಕಲ್ಲಿನ ಮಾತು ಆಮೇಲೆ.

ಕೇಳುವ ಪದವೂ ಮುಖ್ಯ. "ಶಾಸನ ಇದೆಯಾ?" ಅಂದರೆ "ಇಲ್ಲ ಸಾರ್" ಅಂತಾರೆ. "ಬರಹದ ಕಲ್ಲು, ಅಕ್ಷರ ಇರೋ ಕಲ್ಲು ಎಲ್ಲಾದ್ರೂ ಇದ್ಯಾ ಅಣ್ಣ?" ಅಂದರೆ ನಾಲ್ಕು ಜನ ನಾಲ್ಕು ದಿಕ್ಕು ತೋರಿಸುತ್ತಾರೆ. ವೀರಗಲ್ಲಿಗೆ ಕೆಲವು ಕಡೆ ವೀರಗಾರ, ಈರಗಾರ ಅನ್ನುತ್ತಾರೆ. ಮಾಸ್ತಿಕಲ್ಲು ಎಷ್ಟೋ ಊರಲ್ಲಿ ಮಾಸ್ತಮ್ಮ, ಹಬ್ಬಕ್ಕೆ ಪೂಜೆಯೂ ಆಗುತ್ತದೆ. ಬೃಹತ್ ಶಿಲಾಯುಗದ ಕಲ್ಲುಗೋರಿಗಳು ಜನರ ಬಾಯಲ್ಲಿ ಪಾಂಡವರ ಮನೆ. ಕತ್ತೆಯ ಚಿತ್ರವಿದ್ದ ಶಾಪದ ಕಲ್ಲು ಕತ್ತೆಕಲ್ಲು. ದನ ಮೇಯಿಸುವವರನ್ನು, ಕುರಿ ಕಾಯುವವರನ್ನು, ಬಟ್ಟೆ ಒಗೆಯಲು ಕೆರೆಗೆ ಹೋಗುವ ಹೆಂಗಸರನ್ನು ಕೇಳಿ. ಒಗೆಯೋ ಕಲ್ಲಿನ ಹಿಂಬದಿಯಲ್ಲಿ ಬರಹ ಇದೆ ಅನ್ನುವುದು ಅವರಿಗೆ ಮಾತ್ರ ಗೊತ್ತಿರುತ್ತದೆ. ಅಜ್ಜಿಯೊಬ್ಬರು ನನಗೆ ಹೇಳಿದ್ದರು: "ಆ ಕಲ್ಲು ಮ್ಯಾಲೆ ಸೀರೆ ಒಗಿಯಾಕೆ ಮನಸ್ಸು ಬರಲ್ಲ ಮಗ, ಮನುಷ್ರು ಅವ್ರೆ ಅದ್ರಲ್ಲಿ."

ಊರಿನವರೊಬ್ಬರು ಜೊತೆಗೆ ಬರುತ್ತೇನೆ ಅಂದರೆ ಬೇಡ ಅನ್ನಬೇಡಿ. ಪೂಜೆಯ ಕಲ್ಲಾದರೆ ಚಪ್ಪಲಿ ಬಿಡಿ. ಎಣ್ಣೆ, ಕುಂಕುಮ, ಅರಿಶಿನ ಮೆತ್ತಿದ್ದರೆ ಅದನ್ನು ಒರೆಸಬೇಡಿ. ಬರಹ ಮುಚ್ಚಿದ್ದರೂ ಸರಿ. ಅದು ಅವರ ದೇವರು, ನಿಮ್ಮ ಫೋಟೋ ಆಮೇಲೆ. ಎಸ್ಟೇಟ್ ಆದರೆ ರೈಟರ್ ಅಥವಾ ಮ್ಯಾನೇಜರ್ ಹತ್ತಿರ ಅನುಮತಿ ಕೇಳಿ. ಕಾಫಿ ಕೊಯ್ಲಿನ ಹೊತ್ತಲ್ಲಿ ಅವರಿಗೆ ಬಿಡುವಿರುವುದಿಲ್ಲ, ಹಿಂದಿನ ದಿನವೇ ಫೋನ್ ಮಾಡಿ. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ.

ಅಗೆಯುವ ಮಾತೇ ಬೇಡ. ನೆಲದಲ್ಲಿ ಹುದುಗಿದ್ದು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಎಂಬ ಕಾನೂನು 1878ರಷ್ಟು ಹಳೆಯದು. ಕಲ್ಲಿನ ಚೂರನ್ನೂ ಮನೆಗೆ ತರಬೇಡಿ.

ಬೆಳಕು ಹಿಡಿಯುವುದು

ಸವೆದ ಕಲ್ಲು ನಡು ಮಧ್ಯಾಹ್ನ ಬೋಳಾಗಿ ಕಾಣುತ್ತದೆ. ಅದೇ ಕಲ್ಲು ಬೆಳಗಿನ ಏಳೂವರೆಗೆ ಮಾತಾಡುತ್ತದೆ. ಬಿಸಿಲು ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವಾಗ ಅಕ್ಷರದ ಗುಳಿಯಲ್ಲಿ ನೆರಳು ತುಂಬುತ್ತದೆ. ಅಷ್ಟೇ ಗುಟ್ಟು. ಹಾಗಾಗಿ ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಬರೆದುಕೊಳ್ಳಿ. ದಕ್ಷಿಣಕ್ಕೆ ಮುಖ ಮಾಡಿದ್ದರೆ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಪಕ್ಕದಿಂದ ಬಿಸಿಲು ಸಿಗುತ್ತದೆ, ಚಳಿಗಾಲದಲ್ಲಿ ಇನ್ನೂ ಚೆನ್ನ. ಪೂರ್ವಕ್ಕಿದ್ದರೆ ಹನ್ನೊಂದರಿಂದ ಹನ್ನೆರಡರ ನಡುವೆ ಬಿಸಿಲು ಮೇಲಿನಿಂದ ಸವರುತ್ತದೆ, ಆ ಸ್ವಲ್ಪ ಹೊತ್ತನ್ನು ಕಾಯಬೇಕು. ಉತ್ತರಕ್ಕಿದ್ದರೆ ಚಳಿಗಾಲದಲ್ಲಿ ಬಿಸಿಲೇ ಬೀಳುವುದಿಲ್ಲ.

ಮಲೆನಾಡಿನಲ್ಲಿ ಬೆಳಗಿನ ಬೆಳಕಿಗೆ ಕಾಯುವ ಹಾಗಿಲ್ಲ, ಆ ಹೊತ್ತಿಗೆ ಆನೆ ಇನ್ನೂ ತೋಟದಲ್ಲೇ ಇರಬಹುದು. ಅದಕ್ಕೇ ಕನ್ನಡಿ. ಛತ್ರಿ ಅಥವಾ ಕಪ್ಪು ಬಟ್ಟೆಯಿಂದ ಕಲ್ಲಿಗೆ ನೆರಳು ಮಾಡಿ. ಎರಡನೆಯವರು ಏಳೆಂಟು ಅಡಿ ದೂರದಲ್ಲಿ, ಕಲ್ಲಿನ ಪಕ್ಕಕ್ಕೆ, ಬಿಸಿಲಲ್ಲಿ ನಿಂತು ಕನ್ನಡಿಯಿಂದ ಬೆಳಕನ್ನು ಕಲ್ಲಿನ ಮೈಗೆ ಹೆಚ್ಚುಕಮ್ಮಿ ಸಮಾನಾಂತರವಾಗಿ ಬಿಡಲಿ. ಮೊದಲು ಎಡದಿಂದ. ಆಗ ಉದ್ದ ಗೆರೆಗಳು ಏಳುತ್ತವೆ. ಆಮೇಲೆ ಮೇಲಿನಿಂದ. ಆಗ ಅಡ್ಡ ಗೆರೆಗಳು ಏಳುತ್ತವೆ. ಕನ್ನಡದ ಅಕ್ಷರ ದುಂಡಗಿರುವುದರಿಂದ ಎಡ ಮೇಲ್ಮೂಲೆಯಿಂದ ಬಿಟ್ಟ ಬೆಳಕು ಬಹಳ ಸಲ ಚೆನ್ನಾಗಿ ಹಿಡಿಯುತ್ತದೆ. ಒಂದೊಂದು ಕೋನಕ್ಕೂ ಒಂದೊಂದು ಫೋಟೋ. ಫೋನಿನಲ್ಲಿ ಫೋಕಸ್ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಕಡಿಮೆ ಮಾಡಿ. ಮೊದಲ ಸಲ ಹೀಗೆ ಮಾಡಿದಾಗ ಖಾಲಿ ಅಂದುಕೊಂಡಿದ್ದ ಪಟ್ಟಿಯಲ್ಲಿ 'ಸ್ವಸ್ತಿ' ಎದ್ದು ಬಂತು. ಇಬ್ಬರೂ ಒಟ್ಟಿಗೆ ಕೂಗಿದೆವು.

ಸೀಮೆಸುಣ್ಣ ಹಚ್ಚಬೇಡಿ. ಸುಣ್ಣ, ಮೈದಾ, ವಿಭೂತಿ, ಬಣ್ಣ, ಎಣ್ಣೆ ಯಾವುದೂ ಬೇಡ. ಸೀಮೆಸುಣ್ಣ ಹಚ್ಚುವಾಗ ನೀವು ಓದಿದ ಹಾಗೆ ಗೆರೆ ಎಳೆಯುತ್ತೀರಿ. ತಪ್ಪು ಓದಿದ್ದರೆ ಆ ತಪ್ಪೇ ಕಲ್ಲಿನ ಮೇಲೆ ಉಳಿಯುತ್ತದೆ. ತಂತಿ ಬ್ರಷ್‌ನಿಂದ ಉಜ್ಜುವುದಂತೂ ಕಲ್ಲನ್ನು ಕೊಂದ ಹಾಗೆ. ಹೊಯ್ಸಳರ ಎಷ್ಟೋ ಕೆತ್ತನೆಗಳು ಬಳಪದ ಕಲ್ಲಿನವು, ಸುಲಭವಾಗಿ ಗೆರೆ ಬೀಳುವಷ್ಟು ಮೆದು. ಒಣ ಮಣ್ಣನ್ನು ಮೆತ್ತನೆ ಬ್ರಷ್‌ನಿಂದ ಸರಿಸಿದರೆ ಸಾಕು. ಕಲ್ಲುಹೂವು ಹತ್ತಿದ್ದರೆ ಕೀಳಬೇಡಿ, ಜೊತೆಗೆ ಕಲ್ಲಿನ ಪದರವೂ ಬರುತ್ತದೆ. ಕಾಗದ ಒತ್ತಿ ಪಡಿಯಚ್ಚು ತೆಗೆಯುವುದು ಇಲಾಖೆಯ ಪಳಗಿದವರ ಕೆಲಸ.

ಮನಸ್ಸಿದ್ದರೆ ಮೂರು ಆಯಾಮದ ಪ್ರತಿಯನ್ನೂ ಮಾಡಬಹುದು. ಇದಕ್ಕೆ ಸವರುವ ಬೆಳಕು ಬೇಡ, ಮೋಡದ ಬೆಳಕು ಅಥವಾ ಛತ್ರಿಯ ನೆರಳು ಬೇಕು. ಕಲ್ಲಿನ ಸುತ್ತ ನಿಧಾನವಾಗಿ ಸರಿಯುತ್ತಾ ಐವತ್ತು ಅರವತ್ತು ಫೋಟೋ ತೆಗೆಯಿರಿ. ಒಂದು ಫೋಟೋದಲ್ಲಿ ಕಂಡದ್ದರ ಮೂರನೇ ಎರಡು ಭಾಗ ಮುಂದಿನದರಲ್ಲೂ ಇರಬೇಕು. ಮೆಶ್‌ರೂಮ್‌ನಂಥ ಉಚಿತ ಸಾಫ್ಟ್‌ವೇರ್ ಇವನ್ನು ಹೊಲಿದು ಕಲ್ಲಿನ ಆಕಾರ ಕೊಡುತ್ತದೆ. ಆಮೇಲೆ ಮನೆಯಲ್ಲಿ ಕೂತು ಯಾವ ಕೋನದಿಂದ ಬೇಕಾದರೂ ಬೆಳಕು ಬಿಡಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಇದಕ್ಕಿಂತ ಸೂಕ್ಷ್ಮವಾದ ಸ್ಕ್ಯಾನರ್‌ನಲ್ಲಿ ಉಳಿಸುವ ಕೆಲಸ ಮಾಡುತ್ತಿದೆ.

ಪ್ರತಿ ಕಲ್ಲಿಗೂ ಒಂದು ಪುಟ ಇಡಿ. ಎತ್ತರ, ಅಗಲ, ದಪ್ಪ, ಮುಖ ಮಾಡಿದ ದಿಕ್ಕು, ಅಂತಸ್ತು ಎಷ್ಟು, ಸಾಲು ಎಷ್ಟು, ಸರ್ವೆ ನಂಬರ್, ಊರಿನವರು ಅದಕ್ಕೆ ಕರೆಯುವ ಹೆಸರು, ಅವರು ಹೇಳಿದ ಕಥೆ. ಕಥೆಯನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಕಲ್ಲಿನಲ್ಲಿ ಇಲ್ಲದ್ದು ಅದರಲ್ಲಿರುತ್ತದೆ.

ನಾಲ್ಕು ಪದ ಓದಿದರೆ ಸಾಕು

ಪೂರ್ತಿ ಓದಲು ವರ್ಷಗಳು ಬೇಕು. ಆದರೆ ಹೊಯ್ಸಳರ ಕಾಲದ ಲಿಪಿಯಲ್ಲಿ ಕೆಲವು ಪದ ಹಿಡಿಯುವುದು ಒಂದು ತಿಂಗಳ ಅಭ್ಯಾಸ. ಶುರುವಿನಲ್ಲಿ 'ಸ್ವಸ್ತಿ' ಅಥವಾ 'ಶ್ರೀಮತು'. ಆಮೇಲೆ ಶಕ ವರ್ಷ. ಅದಕ್ಕೆ 78 ಕೂಡಿಸಿದರೆ ಹೆಚ್ಚುಕಮ್ಮಿ ಕ್ರಿಸ್ತಶಕ ಬರುತ್ತದೆ. ಬೇಲೂರು ಚೆನ್ನಕೇಶವನ ಪ್ರತಿಷ್ಠೆ ಶಕ 1039, ಅಂದರೆ 1117. ವೀರಗಲ್ಲಿನಲ್ಲಿ 'ತುಱು' (ದನ), 'ಕಾದಿ' (ಹೋರಾಡಿ), 'ಸತ್ತ', 'ಸುರಲೋಕ' ಹುಡುಕಿ. 'ನೆತ್ತರುಗೊಡಗೆ' ಅಥವಾ 'ಕಲ್ನಾಡು' ಕಂಡರೆ ಸತ್ತವನ ಮನೆಯವರಿಗೆ ಭೂಮಿ ಕೊಟ್ಟಿದ್ದಾರೆ ಎಂದು ಅರ್ಥ. ದಾನಶಾಸನದ ಕೊನೆಗೆ ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ (ಕಪಿಲೆ ಹಸು) ಕೊಂದ ಪಾಪ ಬರಲಿ ಎಂಬ ಶಾಪ, ಆಮೇಲೆ 'ಮಂಗಳ ಮಹಾಶ್ರೀ'. ಇವತ್ತು ನಾವು ಬಳಸದ ಱ ಮತ್ತು ೞ ಅಕ್ಷರಗಳನ್ನು ಮೊದಲೇ ಗುರುತು ಮಾಡಿಕೊಂಡಿರಿ.

ಬಂಡೆ ಇನ್ನೂ ಹಳೆಯದು

ಮಕ್ಕಳನ್ನು ಕರೆದುಕೊಂಡು ಬಂದವರು ಕೇಳುತ್ತಾರೆ, ಇಲ್ಲಿ ಡೈನೋಸಾರ್ ಮೂಳೆ ಸಿಗುತ್ತಾ ಅಂತ. ಸಿಗುವುದಿಲ್ಲ. ನಮ್ಮ ಬಂಡೆಗಳು ಅದಕ್ಕಿಂತ ತುಂಬ ಹಳೆಯವು. ಗೊರೂರಿನ ಸುತ್ತಲಿನ ಪಟ್ಟೆ ಪಟ್ಟೆಯ ನೀಸ್ ಶಿಲೆಗೆ ಸುಮಾರು 330 ಕೋಟಿ ವರ್ಷ. ಬಾಬಾಬುಡನ್‌ಗಿರಿಯ ಕೆಂಪು ಕಪ್ಪು ಗೆರೆಯ ಕಬ್ಬಿಣದ ಶಿಲೆ 250 ಕೋಟಿ ವರ್ಷಕ್ಕೂ ಹಳೆಯದು. ಚಿಪ್ಪು, ಮೂಳೆ ಇರುವ ಪ್ರಾಣಿಗಳು ಹೆಚ್ಚಾಗಿದ್ದು ಸುಮಾರು 54 ಕೋಟಿ ವರ್ಷದಿಂದ ಈಚೆಗೆ. ಈ ಬಂಡೆಗಳು ಹುಟ್ಟಿದಾಗ ಮೂಳೆಯೇ ಇರಲಿಲ್ಲ. ಆ ಕಾಲದ ಜೀವದ ಗುರುತು ನೋಡಬೇಕು ಅಂದರೆ ಚಿತ್ರದುರ್ಗ, ಶಿವಮೊಗ್ಗ ಕಡೆಯ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮೆಟೊಲೈಟ್ ಇದೆ. ಕಲ್ಲಿನ ಮೇಲೆ ಆದಿಮಾನವರ ಚಿತ್ರ ನೋಡಬೇಕು ಅಂದರೆ ಬಳ್ಳಾರಿಯ ಸಂಗನಕಲ್ಲು, ಕೊಪ್ಪಳದ ಹಿರೇಬೆಣಕಲ್ ಕಡೆಗೆ ಹೋಗಿ. ಬೆಳಕಿನ ಉಪಾಯ, ಊರಿನವರನ್ನು ಕೇಳುವ ಕ್ರಮ ಅಲ್ಲಿಗೂ ಇದೇ.

ಆದರೂ ಹೇಮಾವತಿ ದಂಡೆಯ ಬಂಡೆಯ ಮೇಲೆ ಒಂದು ನಿಮಿಷ ಕೈಯಿಟ್ಟು ನೋಡಿ. ಪಕ್ಕದ ವೀರಗಲ್ಲು ಎಂಟುನೂರು ವರ್ಷದ್ದು, ಅದರ ಎದುರು ನಿನ್ನೆ ಹುಟ್ಟಿದ ಕೂಸು.

ಆನೆ, ಉಣ್ಣೆ, ಹೆಜ್ಜೇನು

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳ ತೋಟಗಳಲ್ಲಿ ಆನೆ ಓಡಾಡುತ್ತವೆ. ಸಂಜೆ ಐದಕ್ಕೆ ಟಾರ್ ರಸ್ತೆಗೆ ಬಂದಿರಬೇಕು. ಬೆಳಿಗ್ಗೆ ಕೂಲಿಯವರು ತೋಟಕ್ಕೆ ಇಳಿಯುವ ಮುಂಚೆ ನೀವು ಇಳಿಯಬೇಡಿ. ಆನೆ ಎಲ್ಲಿದೆ ಅನ್ನುವ ಸುದ್ದಿ ಊರಿನ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ, ಟೀ ಅಂಗಡಿಯಲ್ಲಿ ಕೇಳಿದರೆ ಸಾಕು. ಅರಸೀಕೆರೆ ಕಡೆಯ ಕಲ್ಲುಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಗುಹೆ, ಬಂಡೆ ಸಂದಿಗೆ ತಲೆ ಹಾಕಬೇಡಿ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಭಯ ಉಂಟು. ಉಣ್ಣೆ ಕಚ್ಚುವುದರಿಂದ ಬರುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಮಂಗ ಸತ್ತಿದೆ ಎಂಬ ಸುದ್ದಿ ಇದ್ದರೆ ಆ ಕಡೆ ಹೋಗಲೇಬೇಡಿ. ಹೋಗುವ ಹಾಗಿದ್ದರೆ ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ತೈಲ ಹಚ್ಚಿ, ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಲು ಹಾಕಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ದೊಡ್ಡ ಬಂಡೆ, ಹಾಳು ಗೋಪುರ ಕಂಡರೆ ಮೊದಲು ಮೇಲೆ ನೋಡಿ. ಹೆಜ್ಜೇನು ಕಟ್ಟಿದ್ದರೆ ಅಲ್ಲಿಂದಲೇ ಹಿಂದಕ್ಕೆ. ಕಲ್ಲಿನ ಬುಡದ ಹುಲ್ಲನ್ನು ಕೈಯಿಂದ ಸರಿಸಬೇಡಿ, ಕೋಲಿನಿಂದ ಸರಿಸಿ. ಕೊಳಕುಮಂಡಲ ಹಾವು ಅಲ್ಲೇ ಸುತ್ತಿಕೊಂಡು ಮಲಗುವುದು.

ಮನೆಗೆ ಬಂದ ಮೇಲೆ

ಅದೇ ರಾತ್ರಿ ಫೋಟೋಗಳಿಗೆ ಊರಿನ ಹೆಸರು, ತಾರೀಕು ಹಾಕಿಡಿ. ನಾಳೆ ಅಂದರೆ ಮೂರು ಕಲ್ಲು ಬೆರೆತು ಹೋಗುತ್ತವೆ. ಆಮೇಲೆ ಸಂಪುಟದ ಪಾಠದ ಜೊತೆ ಸಾಲು ಸಾಲಾಗಿ ಹೋಲಿಸಿ. ನೂರಿಪ್ಪತ್ತು ವರ್ಷದ ಹಿಂದೆ ಓದಿದ್ದ ಸಾಲು ಇವತ್ತು ಸವೆದಿದ್ದರೆ ಅದನ್ನೂ ಬರೆದಿಡಿ. ಕಲ್ಲೇ ಇರಲಿಲ್ಲ ಅಂದರೆ ಅದನ್ನೂ. ನಾನು ಹುಡುಕಿದ ಕಲ್ಲುಗಳಲ್ಲಿ ಕೆಲವು ರಸ್ತೆಯ ಮೋರಿಗೆ ಹಾಸುಗಲ್ಲಾಗಿದ್ದವು.

ಸಂಪುಟದಲ್ಲಿ ಇಲ್ಲದ ಬರಹ ಸಿಕ್ಕಿದೆ ಅನ್ನಿಸಿದರೆ ಅವಸರ ಬೇಡ. ಪರಿಷ್ಕೃತ ಸಂಪುಟ ನೋಡಿ, ಮೈಸೂರು ಪುರಾತತ್ವ ಇಲಾಖೆಯ ಹಳೇ ವಾರ್ಷಿಕ ವರದಿಗಳನ್ನು ನೋಡಿ. ಅಲ್ಲೂ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಗೆ ಒಂದು ಪತ್ರ, ಮೈಸೂರಿನ ಪುರಾತತ್ವ ಇಲಾಖೆಗೆ ಫೋಟೋ, ಅಳತೆ ಸಮೇತ ಇನ್ನೊಂದು ಪತ್ರ ಬರೆಯಿರಿ. ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ತೋರಿಸಿದರೆ ಓದಲು ದಾರಿ ಸಿಗುತ್ತದೆ.

ಜಾಗದ ಅಕ್ಷಾಂಶ ರೇಖಾಂಶವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ಲೊಕೇಶನ್ ಕಳಿಸುವುದಿಲ್ಲ ಎಂದಿದ್ದು ಇದಕ್ಕೇ. ಫೋಟೋ ನೋಡಿ ಖುಷಿಪಡುವವರ ಜೊತೆ ಹಾರೆ ಹಿಡಿದವರೂ ನೋಡುತ್ತಾರೆ. ತಾಲ್ಲೂಕಿನ ಹೆಸರು ಹೇಳಿ, ಸಾಕು. ಫೋನು ಫೋಟೋದೊಳಗೆ ತಾನಾಗಿ ಜಾಗ ಬರೆದಿರುತ್ತದೆ, ಹಂಚುವ ಮುಂಚೆ ಅದನ್ನು ತೆಗೆಯಿರಿ.

ಕೊನೆಯ ಕೆಲಸ ಒಂದಿದೆ. ಒಳ್ಳೆಯ ಫೋಟೋ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಕೆಳಗೆ ಕಲ್ಲಿನ ಬರಹವನ್ನು ಇವತ್ತಿನ ಕನ್ನಡದಲ್ಲಿ ಬರೆಸಿ, ಇಂಥವರು ಇಂಥ ವರ್ಷ ಈ ಊರಿಗಾಗಿ ಸತ್ತರು ಅಂತ. ಲ್ಯಾಮಿನೇಟ್ ಮಾಡಿಸಿ ಆ ಊರಿಗೆ ಮತ್ತೆ ಹೋಗಿ, ದಾರಿ ತೋರಿಸಿದವರ ಕೈಗೆ ಕೊಡಿ. ನಾನು ಕೊಟ್ಟ ಒಂದು ಫೋಟೋ ಈಗ ಒಂದು ಊರಿನ ಡೇರಿಯ ಗೋಡೆ ಮೇಲಿದೆ. ಹೋದ ತಿಂಗಳು ಅಲ್ಲಿಗೆ ಹೋದಾಗ ಶಾಲೆ ಹುಡುಗನೊಬ್ಬ ಹಾಲಿನ ಕ್ಯಾನು ಕೆಳಗಿಟ್ಟು, ಬೆರಳಿಟ್ಟು ಅದನ್ನು ಓದುತ್ತಿದ್ದ. ಕೆರೆ ಏರಿ ಮೇಲಿನ ಕಲ್ಲಿನ ಸುತ್ತ ಊರಿನವರೇ ನಾಲ್ಕು ಸಾಲು ಸೈಜುಗಲ್ಲು ಕಟ್ಟಿ ಕಟ್ಟೆ ಮಾಡಿದ್ದರು.